ಹಳೇ ಪೆಟ್ರೋಲ್ ಹಿಡಿಯುವ ಹುಲಗೆಮ್ಮ ಮಿಸ್ತ್ರಿ

ಬೆಳಗಿನ ಆರು ಗಂಟೆ. ಹನುಮನಹಳ್ಳಿ ಬಳಿಯ ಹೊಳೆದಂಡೆಯಲ್ಲಿ ಹುಲಗೆಮ್ಮ ಗಾಜಿನ ಬಾಟಲಿಯೊಂದನ್ನು ಬೆಳಕಿಗೆ ಎತ್ತಿ ಹಿಡಿದಿದ್ದಾರೆ. ಒಳಗಿರುವುದು ಬೋಟಿನ ಟಾಕಿಯಿಂದ ತೆಗೆದ ಪೆಟ್ರೋಲ್. ಮುಚ್ಚಳ ತೆಗೆದು ಮೂಸುತ್ತಾರೆ, ಮುಖ ಕಿವುಚುತ್ತಾರೆ.

"ಇದು ಕೆಟ್ಟೈತ್ರಿ. ಬಣ್ಣ ನೋಡ್ರಿ, ಚಾದ ಡಿಕಾಕ್ಷನ್ ಆಗೇತಿ. ವಾಸನಿ ಬಾಗಲಕ್ಕ ಹಚ್ಚೂ ವಾರ್ನಿಶ್ ಇದ್ದಂಗೈತಿ."

ನಲವತ್ನಾಲ್ಕರ ಹುಲಗೆಮ್ಮ ಈ ದಂಡೆಯ ಒಂಬತ್ತು ಬೋಟುಗಳ ಮೋಟಾರು ನೋಡಿಕೊಳ್ಳುತ್ತಾರೆ. ದಿನಾ ಮುನ್ನೂರಕ್ಕೂ ಹೆಚ್ಚು ಜನ ಈ ಬೋಟುಗಳಲ್ಲಿ ಹೊಳೆ ದಾಟುತ್ತಾರೆ. ಅಂಜನಾದ್ರಿ ಇಳಿದು ಬರುವ ಭಕ್ತರು, ಕಾಲೇಜು ಹುಡುಗಿಯರು, ಸಂತೆಗೆ ಹೊರಟವರು. ಹುಲಗೆಮ್ಮ ಯಾರೆಂದು ಅವರಲ್ಲಿ ಬಹುತೇಕರಿಗೆ ಗೊತ್ತಿಲ್ಲ.

ಮಳೆಗಾಲದಲ್ಲಿ ಡ್ಯಾಮಿನಿಂದ ನೀರು ಬಿಟ್ಟಾಗ ಎರಡು ಮೂರು ತಿಂಗಳು ಬೋಟುಗಳು ಓಡದೆ ದಂಡೆ ಸೇರುತ್ತವೆ. ತೊಂದರೆ ಶುರುವಾಗುವುದು ಆಗಲೇ. "ಪೆಟ್ರೋಲ್ ಇಟ್ರ ಅಂಟಾಗ್ತೈತಿ. ಕಾರ್ಬೊರೇಟರಿನಾಗ ಸೂಜಿ ಮೊನಿಯಷ್ಟು ಸಣ್ಣ ತೂತು ಇರ್ತಾವು, ಆ ಅಂಟು ಅಲ್ಲೇ ಹೋಗಿ ಕುಂದರ್ತೈತಿ. ಈಗಿನ ಪೆಟ್ರೋಲ್‌ನಾಗ ಎಥೆನಾಲ್ ಬ್ಯಾರೆ ಐತಿ. ಅದು ಗಾಳ್ಯಾಗಿನ ಪಸಿ ಎಳ್ಕೊಂತೈತಿ, ಟಾಕಿ ತಳದಾಗ ನೀರು ನಿಂದರ್ತೈತಿ. ನೀರು ಕುಡದು ಮೋಟಾರು ಓಡ್ತೈತೇನ್ರಿ?"

ಅವರ ತವರು ಸಿದ್ದಾಪುರ. ಮದುವೆಗೆ ಮುಂಚೆ ಅಲ್ಲಿ ನೂರಸಾಬರ ಅಂಗಡಿಯಲ್ಲಿ, ಭತ್ತದ ಗದ್ದೆಗೆ ಔಷಧ ಹೊಡೆಯುವ ಪಂಪುಗಳ ಬಿಡಿಭಾಗ ತೊಳೆಯುವ ಕೆಲಸ. ತೊಳೆಯುತ್ತಲೇ ಬಿಚ್ಚುವುದು, ಬಿಚ್ಚುತ್ತಲೇ ಜೋಡಿಸುವುದು ಕಲಿತರು. ಬೋಟ್ ನಡೆಸುವ ಹೇಮಪ್ಪನ ಕೈಹಿಡಿದು ಇಲ್ಲಿಗೆ ಬಂದಾಗ, ಗಂಡನ ಮೋಟಾರು ಬಿಚ್ಚಿ ನೋಡಿ ನಕ್ಕರಂತೆ. "ಔಷಧದ ಪಂಪಿನ ಅಕ್ಕನ ಇದು, ಅಂದೆ."

ಆದರೆ ವರ್ಷಗಟ್ಟಲೆ ರಿಪೇರಿ ಹುಲಗೆಮ್ಮನದು, ಹೆಸರು ಹೇಮಪ್ಪನದು. ಹೆಂಗಸಿನ ಕೈಗೆ ಮೋಟಾರು ಕೊಟ್ಟೆವೆಂದು ಹೇಳಿಕೊಳ್ಳಲು ಬೋಟಿನವರಿಗೆ ನಾಚಿಕೆ. "ನನಗ ನಟ್ಟು ತಿರುವೂ ಪಾನಾ ಹಿಡಿಯಾಕೂ ಬರಂಗಿಲ್ರಿ," ಎಂದು ಹೇಮಪ್ಪ ಈಗಲೂ ಬಿದ್ದು ಬಿದ್ದು ನಗುತ್ತಾರೆ. "ಇಕಿ ದುರಸ್ತಿ ಮಾಡಾಕಿ, ಶಾಬಾಸ್ ನನಗ!"

ಅದು ಬದಲಾದದ್ದು ಹೋದ ಅಕ್ಟೋಬರಿನಲ್ಲಿ. ಹೊಳೆ ಇಳಿದು ಬೋಟುಗಳು ಮತ್ತೆ ನೀರಿಗಿಳಿದ ಮೊದಲ ದಿನ. ಕಳಕಮ್ಮ ಎಂಬ ತಾಯಿ, ಆಚೆ ದಡದಲ್ಲಿರುವ ಬಸುರಿ ಮಗಳು ಅಮೃತಾಗೆ ಸೀಮಂತದ ಕುಬಸ ಮಾಡಲು ಹತ್ತು ಹೆಂಗಸರೊಂದಿಗೆ ಹೊರಟಿದ್ದರು. ಬೋಟು ವಿರೂಪಾಕ್ಷಪ್ಪ ಅವರದು. ಟಾಕಿಯಲ್ಲಿ ಜುಲೈ ತಿಂಗಳ ಪೆಟ್ರೋಲ್. ಹುಲಗೆಮ್ಮ ಮೂಸಿ ನೋಡಿ, ತೆಗೆದುಬಿಡಿ ಎಂದರು.

"ತುಂಬಿದ ಟಾಕಿ ಖಾಲಿ ಮಾಡಂತಿಯೇನವಾ? ಒಂದು ಸಲ ದಾಟಿ ಬರ್ಲಿ, ಆಮ್ಯಾಲ ನೋಡೂಣು," ಎಂದರು ವಿರೂಪಾಕ್ಷಪ್ಪ.

ನಡುಹೊಳೆಯಲ್ಲಿ ಮೋಟಾರು ಎರಡು ಸಲ ಕೆಮ್ಮಿ ನಿಂತಿತು. ಸೆಳವು ಬೋಟನ್ನು ಬಂಡೆಗಳ ಕಡೆಗೆ ಎಳೆಯತೊಡಗಿತು. ಎಲ್ಲರ ಮೈಮೇಲೂ ಲೈಫ್ ಜಾಕೆಟ್ ಇತ್ತು, ಆದರೂ ಕೂಗು ದಂಡೆಗೆ ಕೇಳಿಸಿತು. ಹುಲಗೆಮ್ಮ ಹೊಸ ಪೆಟ್ರೋಲಿನ ಡಬ್ಬಿ, ಪಾನಾ ಚೀಲ ಹಿಡಿದು ಹೇಮಪ್ಪನ ಬೋಟು ಹತ್ತಿದರು. ಹಗ್ಗ ಎಸೆದು, ನಿಂತ ಬೋಟನ್ನು ದೊಡ್ಡ ಬಂಡೆಯ ಮರೆಯ ನಿಂತ ನೀರಿಗೆ ಎಳೆತಂದರು. ಆಮೇಲೆ ಆ ಬೋಟಿಗೆ ದಾಟಿ, ಅಲ್ಲೇ ಕಾರ್ಬೊರೇಟರ್ ಬಿಚ್ಚಿದರು. ತೂತಿನ ಅಂಟು ತೆಗೆದು, ಪೈಪು ತೊಳೆದು, ಹೊಸ ಪೆಟ್ರೋಲಿನ ಡಬ್ಬಿಗೆ ಜೋಡಿಸಿದರು. ಮೂರನೇ ಎಳೆತಕ್ಕೆ ಮೋಟಾರು ಗುಡುಗಿತು.

"ನಾ ಅವಸರದಾಗ ಬಿಚ್ಚಾಕತ್ತಿದ್ದೆ. ಕಳಕಮ್ಮಾರು ಹೋಳಿಗಿ ಬುಟ್ಟಿ ತೊಡಿಮ್ಯಾಲ ಇಟ್ಕೊಂಡು, 'ಸಾವಕಾಶ ಮಾಡವಾ, ಕುಬಸ ಎಲ್ಲಿ ಓಡಿ ಹೊಕ್ಕೈತಿ' ಅಂದ್ರು. ಧೈರ್ಯ ಬಂತು."

ಆಚೆ ದಡದಲ್ಲಿ ಆ ಹೆಂಗಸರು ಅವರನ್ನು ಬಿಡಲಿಲ್ಲ. ಎಣ್ಣೆಗೈಯಲ್ಲೇ ಕುಬಸಕ್ಕೆ ಎಳೆದೊಯ್ದು, ಬಸುರಿಯ ಪಕ್ಕ ಕೂರಿಸಿ ಉಡಿ ತುಂಬಿದರು. ಸಂಜೆ ವಿರೂಪಾಕ್ಷಪ್ಪ ಟಾಕಿ ಹೊತ್ತು ತಾವೇ ಬಂದರು. ಎಲ್ಲರೆದುರು, "ಮಿಸ್ತ್ರೀ, ಇದನ್ನ ಏನ್ ಮಾಡ್ಲಿ ಹೇಳವಾ," ಎಂದರು. ಆ ದಂಡೆಯಲ್ಲಿ ಹುಲಗೆಮ್ಮನನ್ನು ಯಾರೋ ಮಿಸ್ತ್ರಿ ಎಂದು ಕರೆದದ್ದು ಅದೇ ಮೊದಲು. ಅಮೃತಾಳ ಮಗಳಿಗೆ ಈಗ ಹಲ್ಲು ಬರುತ್ತಿವೆ. ಪ್ರತಿ ಸಲ ಹೊಳೆ ದಾಟುವಾಗಲೂ ಆ ಕೂಸು ಮಿಸ್ತ್ರಿಯ ಸೊಂಟವೇರಿಯೇ ಬೋಟಿನವರೆಗೆ ಹೋಗುತ್ತದೆ.

ಈಗ ದಂಡೆಯಲ್ಲಿ ಅವರ ಮಾತೇ ಕಾಯಿದೆ. ಮಳೆಗಾಲಕ್ಕೆ ಬೋಟು ನಿಲ್ಲಿಸುವ ಮುಂಚೆ ಟಾಕಿ ಖಾಲಿ, ಕಾರ್ಬೊರೇಟರ್ ಒಣ. ಕೆಟ್ಟ ಪೆಟ್ರೋಲನ್ನು ಹೊಳೆಗೆ ಸುರಿಯುವಂತಿಲ್ಲ.

ನಿಮಗೇನು ಆಸೆ ಎಂದು ಕೇಳಿದೆ. ತಾವು ರಿಪೇರಿ ಮಾಡುವ ತಗಡಿನ ಶೆಡ್ಡಿನತ್ತ ನೋಡಿ ನಾಚುತ್ತಾರೆ.

"ಒಂದು ಬೋರ್ಡ್ ಬರಸ್ಬೇಕ್ರಿ. 'ಹುಲಗೆಮ್ಮ ಮಿಸ್ತ್ರಿ' ಅಂತ, ಅಷ್ಟ. ಫೋನ್ ನಂಬರ್ ಬ್ಯಾಡ. ನಂಬರ್ ಇದ್ರ ಮೋಟಾರು ನಿಂತ ಮ್ಯಾಲ ಫೋನ್ ಮಾಡ್ತಾರ. ಹೆಸರಷ್ಟ ಇದ್ರ, ನೀರಿಗಿ ಇಳಿಯೂ ಮೊದಲ ಬರ್ತಾರ."