ಜಡ್ಜ್ ಸಾಹೇಬರು ಪೀಠದಿಂದ ಇಳಿದದ್ದು

ಕುದಿಯುವ ನೀರಿಗೆ ಮುಸುಕಿನ ಜೋಳದ ಹಿಟ್ಟು ಬಿದ್ದಾಗ ಏಳುವ ಆ ಹಸಿ ವಾಸನೆ ಎಲ್ಲೇ ಮೂಗಿಗೆ ತಗಲಲಿ, ನೈರೋಬಿಯ ಹೈರಿಡ್ಜ್‌ನಲ್ಲಿದ್ದ ನಮ್ಮ ಹಳೇ ಮನೆ ನೆನಪಾಗುತ್ತದೆ. ಹಿಂದೆಯೇ ಅಜ್ಜ ನೆನಪಾಗುತ್ತಾರೆ, ಕೂಡಲೇ ಸಿಟ್ಟೂ ಬರುತ್ತದೆ. ತೀರಿಹೋದವರ ಮೇಲೆ ಸಿಟ್ಟು ಮಾಡಬಾರದಂತೆ. ಮಾಡದೆ ಇನ್ನೇನು ಮಾಡಲಿ ಹೇಳಿ? ಅವರು ಅಮ್ಮನ ತಂದೆ, ಮಂಡ್ಯದ ಕಡೆ ಮುನ್ಸೀಫರಾಗಿದ್ದು ನಿವೃತ್ತರಾದವರು. ಅಜ್ಜಿ ಹೋದ ಮೇಲೆ ನಮ್ಮಲ್ಲಿಗೆ ಬಂದರು. ಸೂಟ್‌ಕೇಸಿನಲ್ಲಿ ರಾಗಿಹಿಟ್ಟಿನ ಜೊತೆ ಒಂದು ದಪ್ಪ ಇಂಗ್ಲಿಷ್ ಪುಸ್ತಕವೂ ಬಂತು. ನೂರೈವತ್ತು ವರ್ಷದ ಹಿಂದೆ ಅಮೆರಿಕದ ಕಾಡುಸೀಮೆಯಲ್ಲಿ ಲಾಯರಾಗಿ, ಶಾಸಕನಾಗಿ, ಕೊನೆಗೆ ಜಡ್ಜ್ ಆದ ಯಾವನೋ ಪುಣ್ಯಾತ್ಮನ ಜೀವನ ಚರಿತ್ರೆ ಅದು. ಅಜ್ಜ ಅವನನ್ನು 'ನಮ್ಮ ಜಡ್ಜ್ ಸಾಹೇಬರು' ಅಂತಲೇ ಕರೆಯುತ್ತಿದ್ದರು. ಕುದುರೆ ಹತ್ತಿ ಊರೂರು ಸುತ್ತಿ, ದನದ ಕೊಟ್ಟಿಗೆಯಲ್ಲಿ ಕೋರ್ಟು ನಡೆಸುತ್ತಿದ್ದ ಆ ಸಾಹೇಬರು ನಮ್ಮ ಊಟದ ಮೇಜಿನ ಮೇಲೇ ಬಿಡಾರ ಹೂಡಿಬಿಟ್ಟರು. ಟಿವಿ ರಿಮೋಟಿಗೆ ನಾನೂ ತಮ್ಮನೂ ಕಿತ್ತಾಡಿದರೆ ಅಜ್ಜ ಇಬ್ಬರ ಹೇಳಿಕೆ ಪಡೆದು, ಸಾಹೇಬರ ಒಂದು ತೀರ್ಪು ಉದಾಹರಿಸಿ, ವಿಚಾರಣೆ ನಾಳೆಗೆ ಅನ್ನುವ ಹೊತ್ತಿಗೆ ಕಾರ್ಟೂನೇ ಮುಗಿದಿರುತ್ತಿತ್ತು. ಅಯ್ಯೋ, ಆ ಗೋಳು ಯಾರಿಗೂ ಬೇಡ.

ಸಾಹೇಬರ ಎಲ್ಲ ಗುಣಗಳಲ್ಲಿ ಅಜ್ಜನಿಗೆ ಅತಿ ಪ್ರಿಯವಾದದ್ದು ಒಂದು. ಹಿಂದಿನ ರಾತ್ರಿ ಯಾವ ಕಕ್ಷಿದಾರನ ಮನೆಯಲ್ಲಿ ರೊಟ್ಟಿ ತಿಂದಿರುತ್ತಿದ್ದರೋ ಅವನ ಕೇಸು ಬಂದರೆ ಅವರು ಪೀಠದಿಂದ ಇಳಿದುಬಿಡುತ್ತಿದ್ದರಂತೆ. ಇದನ್ನು ಹೇಳುವಾಗ ಅಜ್ಜ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಕೇಳಿ ಕೇಳಿ ನಮಗೆ ಆಕಳಿಕೆ. ಅಷ್ಟರಲ್ಲಿ ತಂದಿದ್ದ ರಾಗಿಹಿಟ್ಟು ಮುಗಿಯಿತು. ಮುದ್ದೆಯಿಲ್ಲದೆ ಅಜ್ಜ ಸೊರಗಿದರು. ಆಗ ನಮ್ಮ ಮನೆಗೆಲಸದ ವಾಂಬುಯಿ, ನನ್ನನ್ನೂ ತಮ್ಮನನ್ನೂ ಬೆನ್ನಿಗೆ ಕಟ್ಟಿಕೊಂಡು ಬೆಳೆಸಿದವಳು, ತನಗೆಂದು ಮಾಡಿಕೊಂಡಿದ್ದ ಉಗಾಲಿಯನ್ನು ಒಂದು ತಟ್ಟೆಗೆ ಹಾಕಿ ಅವರ ಮುಂದಿಟ್ಟಳು. ಮುಸುಕಿನ ಜೋಳದ ಹಿಟ್ಟಿನ ಬಿಳೀ ಮುದ್ದೆಯೇ ಅದು. ಅಜ್ಜ ಬಸ್ಸಾರಿನಲ್ಲಿ ಅದ್ದಿ ನುಂಗಿ, "ಅಸಾಂಟೆ ತಾಯಿ" ಅಂದರು. ಥ್ಯಾಂಕ್ಸ್ ಅನ್ನುವ ಆ ಒಂದು ಪದ, ಅವರಿಗೆ ಬರುತ್ತಿದ್ದ ಸ್ವಾಹಿಲಿ ಅಷ್ಟೇ. ಅವತ್ತಿನಿಂದ ದಿನಾ ಅವಳ ಕೈಯೂಟ. ಅವಳು ಅವರನ್ನು 'ಬಾಬು' ಅನ್ನುತ್ತಿದ್ದಳು; ಅಲ್ಲಿ ಹಾಗೆಂದರೆ ಅಜ್ಜ.

ಕಳ್ಳರ ಭಯಕ್ಕೆ ಅಲ್ಲಿನ ನಮ್ಮ ಹೆಂಗಸರೆಲ್ಲ ಒಡವೆಯನ್ನು ಅಡುಗೆಮನೆ ಡಬ್ಬಗಳಲ್ಲಿ ಬಚ್ಚಿಡುತ್ತಿದ್ದರು. ಅಮ್ಮನದು ಇನ್ನೂ ಒಂದು ಕೈ ಮೇಲು, ಆಗಾಗ ಡಬ್ಬ ಬದಲಾಯಿಸುತ್ತಿದ್ದಳು. ಒಂದು ಶುಕ್ರವಾರ ಅರಿಶಿನ ಕುಂಕುಮಕ್ಕೆ ಹೊರಡಬೇಕು, ವಜ್ರದ ಓಲೆ ಇಲ್ಲ. ಅಮ್ಮ ಡಬ್ಬಗಳನ್ನೆಲ್ಲ ತಡಕಿ ಸುಸ್ತಾಗಿ, ಕೊನೆಗೆ ವಾಂಬುಯಿಯ ಕಡೆ ತಿರುಗಿದಳು. ಅವಳು ತಾನು ಮುಟ್ಟಿಲ್ಲ ಅಂದಳು. ಅಮ್ಮನಿಗೂ ಮನಸ್ಸು ಡೋಲಾಯಮಾನ. "ಅಪ್ಪ, ನೀವೇ ಹೇಳಿ. ನೀವು ಹೇಗೆ ಹೇಳಿದ್ರೆ ಹಾಗೆ" ಅಂದಳು. ವಾಂಬುಯಿಯ ಅನ್ನ ಅಜ್ಜನ ಒಂದು ಮಾತಿನ ಮೇಲೆ ನಿಂತಿತ್ತು. ಅಜ್ಜ ಎದ್ದು ನಿಂತು, "ನಾನು ಈ ಕೇಸು ಕೇಳೋ ಹಾಗಿಲ್ಲಮ್ಮ. ದಿನಾ ಅವಳ ಕೈಯೂಟ ಉಂಡಿದ್ದೀನಿ" ಅಂದವರೇ ರೂಮಿಗೆ ನಡೆದರು! ನನ್ನ ಮೈ ಉರಿದುಹೋಯಿತು. ಸಿಟ್ಟಿಗೆ ಕನ್ನಡ ಹೊರಡದೆ ಇಂಗ್ಲಿಷಿನಲ್ಲೇ ಕಿರುಚಿದೆ, ಜಡ್ಜ್ ಆಗೋಕೆ ಆಗದಿದ್ದರೆ ಲಾಯರ್ ಆಗಿ ಅಜ್ಜ, ಅವಳ ಕಡೆ ಯಾರಿದ್ದಾರೆ ಅಂತ. "ದೊಡ್ಡವರ ಮಧ್ಯೆ ಬಾಯಿ ಹಾಕಬೇಡ ಪುಟ್ಟಿ" ಅಂದು ಬಾಗಿಲು ಹಾಕಿಕೊಂಡರು. ವಾಂಬುಯಿ ಆ ಮುಚ್ಚಿದ ಬಾಗಿಲನ್ನು ಸ್ವಲ್ಪ ಹೊತ್ತು ನೋಡಿದಳು. ಸಂಜೆಯೊಳಗೆ ಬಟ್ಟೆಗಂಟು ಹಿಡಿದು ಹೋದಳು.

ಕೆಲವು ವಾರಗಳಾದ ಮೇಲೆ ದೋಸೆಗೆ ನೆನೆಹಾಕಲು ಅಮ್ಮ ಉದ್ದಿನಬೇಳೆಯ ದೊಡ್ಡ ಡಬ್ಬ ಬಗ್ಗಿಸಿದಾಗ ಓಲೆ ಟಣ್ಣನೆ ಪಾತ್ರೆಗೆ ಬಿತ್ತು. ಅಮ್ಮ ನೆಲದ ಮೇಲೆ ಕೂತು ಅತ್ತಳು. ಅಜ್ಜ ಹಳೇ ಕರಿ ಕೋಟು ಹಾಕಿಕೊಂಡು, "ನಡಿ ಪುಟ್ಟಿ" ಅಂದರು. ಜನ ಕಿಕ್ಕಿರಿಯುವ ಮಟಾಟು ವ್ಯಾನನ್ನು ಅವರು ಹತ್ತಿದ್ದು ಅದೊಂದೇ ಸಲ. ಕಾಂಗೆಮಿಯ ಕೊಳೆಗೇರಿಯಲ್ಲಿ ಅವಳ ಬಾಡಿಗೆ ಕೋಣೆ ಹುಡುಕಿದರೆ ಬೇರೆ ಯಾರೋ ಇದ್ದರು. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದ ಹೆಂಗಸರು, ಅವಳಿಗೆ ಕಳ್ಳಿ ಅಂತ ಹೆಸರು ಬಂದು ಎಲ್ಲೂ ಕೆಲಸ ಸಿಗಲಿಲ್ಲ, ಊರಿಗೆ ಹೋದಳು, ಯಾವ ಊರೋ ಗೊತ್ತಿಲ್ಲ ಅಂದರು. ನಾನು ಅದನ್ನು ಅಜ್ಜನಿಗೆ ಹೇಳಿದೆ.

ಅಜ್ಜ ಕೋಟಿನ ಗುಂಡಿ ಹಾಕಿಕೊಂಡರು. ಆ ಹೆಂಗಸರ ಎದುರು ನೆಟ್ಟಗೆ ನಿಂತು, ಅಚ್ಚ ಕನ್ನಡದಲ್ಲಿ, ಅವಳು ನಿರಪರಾಧಿ ಅಂತ ವಾದ ಶುರುಮಾಡಿದರು. ಸಾಕ್ಷಿಯಿಲ್ಲ, ಯಾರೂ ಕಂಡಿಲ್ಲ, ಮಕ್ಕಳನ್ನು ಸಾಕಿದ ಕೈ ಅದು, ಆ ಕೈಯೂಟ ಉಂಡ ನಾನು ಬಲ್ಲೆ. ಅವರ ದನಿ ಒಮ್ಮೆಯೂ ತಡವರಿಸಲಿಲ್ಲ, ಕಣ್ಣಲ್ಲಿ ಮಾತ್ರ ನೀರು ಸುರಿಯುತ್ತಿತ್ತು. ಒಂದಕ್ಷರ ಅರ್ಥವಾಗದಿದ್ದರೂ ಹೆಂಗಸರು ನಲ್ಲಿ ನಿಲ್ಲಿಸಿ ಕೇಳಿದರು. "ಪೋಲೆ, ಬಾಬು" ಅಂದಳು ಒಬ್ಬಳು, ಸಮಾಧಾನ ಮಾಡಿಕೋ ಅಜ್ಜ ಅಂತ. ಈಗ ಅಜ್ಜನಿಲ್ಲ, ಆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ, ವಾಂಬುಯಿ ಎಲ್ಲಿದ್ದಾಳೋ. ಎಷ್ಟು ಚೆನ್ನಾಗಿ ವಾದ ಮಾಡುತ್ತಿದ್ದರು ನಮ್ಮಜ್ಜ! ಅದರಲ್ಲಿ ಒಂದೇ ಒಂದು ಮಾತನ್ನು ಆ ಶುಕ್ರವಾರ ನಮ್ಮ ಅಡುಗೆಮನೆಯಲ್ಲಿ ಆಡಿದ್ದರೆ ಸಾಕಿತ್ತು.