ಗುಳ್ಳೆ ಇಲ್ಲದ ನೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹವಳದ ದಿಬ್ಬದ ಮೇಲೆ ದೋಣಿ ನಿಂತಲ್ಲೇ ತೂಗುತ್ತಿದೆ. ಅಂಚಿನಲ್ಲಿ ಮೊಣಕಾಲೂರಿ ಕುಳಿತ ಹೆಂಗಸೊಬ್ಬರು ಉಸಿರು ಬಿಗಿಹಿಡಿದು ಬೆರಳುದ್ದದ ಗಾಜಿನ ಶೀಶೆಗೆ ಕಡಲ ನೀರು ತುಂಬಿಸುತ್ತಿದ್ದಾರೆ. ಸಣ್ಣ ಕೊಳವೆ ಶೀಶೆಯ ತಳ ಮುಟ್ಟಿರಬೇಕು, ನೀರು ಮೆಲ್ಲಗೆ ಮೇಲೇರಿ ಬಾಯಿ ತುಂಬಿ ಚೆಲ್ಲಬೇಕು. ಆಮೇಲೆ ಒಳಗಿನ ಕಾಣದ ಜೀವಿಗಳು ಉಸಿರಾಡದಂತೆ ಒಂದು ತೊಟ್ಟು ವಿಷ, ಮೇಲೊಂದು ಬಿಗಿ ಮುಚ್ಚಳ. ತಲೆಕೆಳಗು ಮಾಡಿ ಟಾರ್ಚ್ ಬೆಳಕಿಗೆ ಹಿಡಿಯುತ್ತಾರೆ. ಸಾಸಿವೆಯಷ್ಟು ಗುಳ್ಳೆ ಕಂಡರೂ ಮುಗಿಯಿತು, ಚೆಲ್ಲಿ ಮತ್ತೆ ಮೊದಲಿನಿಂದ.

"ಏನೇ, ನೀರು ತುಂಬಿಸ್ತಿದ್ದೀಯೋ, ಮಗೂಗೆ ಸ್ನಾನ ಮಾಡಿಸ್ತಿದ್ದೀಯೋ?" ದೋಣಿ ನಡೆಸುವ ಗಂಡ ರೇಗಿಸುತ್ತಾರೆ.

"ನೀವು ದೋಣಿ ಅಲ್ಲಾಡದಂಗೆ ಹಿಡ್ಕೊಳ್ಳಿ, ಅಷ್ಟು ಸಾಕು."

ಕಡಲ ಸಂಶೋಧನಾ ಕೇಂದ್ರದಲ್ಲಿ ಇವರು ಎಲ್ಲರ ಪಾಲಿಗೆ ಗುಳ್ಳೆ ಅಕ್ಕ. ಮೊದಲು ಇಲ್ಲಿ ನೆಲ ಒರೆಸುತ್ತಿದ್ದರು, ಆಮೇಲೆ ಶೀಶೆ ತೊಳೆಯಲು ಬಂದರು. ಇಷ್ಟು ಚೊಕ್ಕವಾಗಿ ತೊಳೆಯುವ ಕೈಯೇ ತುಂಬಿಸಲಿ ಎಂದು ವಿಜ್ಞಾನಿ ಮೇಡಂ ದೋಣಿ ಹತ್ತಿಸಿದರು. ಮೊದಲ ತಿಂಗಳು ವಾಂತಿ ಮಾಡಿದ್ದೇ ಬಂತು. "ಸಮುದ್ರದ ಪಕ್ಕದಲ್ಲೇ ಹುಟ್ಟಿ ಬೆಳೆದೋಳು, ನನಗೇ ಹಿಂಗಾ ಅಂತ ನಾಚಿಕೆ ಆಗೋದು" ಎಂದು ಅಕ್ಕ ನಗುತ್ತಾರೆ. ಈಗ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ದಿಬ್ಬದ ಹೊರಗಿನದೂ, ದಿಬ್ಬಕ್ಕೂ ದಡಕ್ಕೂ ನಡುವೆ ಒಳಗಿನದೂ ನೀರು ಬೇಕು.

ಇಷ್ಟೆಲ್ಲ ಮಡಿ ಮೈಲಿಗೆ ಯಾಕೆ? ಅಳೆಯುವುದು ನೀರಿನಲ್ಲಿ ಕರಗಿದ ಇಂಗಾಲವನ್ನು. ಗುಳ್ಳೆಯಿದ್ದರೆ ಇಂಗಾಲ ನೀರು ಬಿಟ್ಟು ಅದರೊಳಕ್ಕೆ ಜಾರಿಕೊಂಡು ಲೆಕ್ಕ ಕೆಡಿಸುತ್ತದೆ. ನಾವು ಊದುವ ಹೊಗೆಯ ದೊಡ್ಡ ಪಾಲನ್ನು ಸಮುದ್ರ ನುಂಗುತ್ತದಲ್ಲ, ನೀರಿನೊಳಗಿನ ಇಂಗಾಲಕ್ಕೆ ಸುಣ್ಣದಂಶ ಸೇರಿಸಿ ಹವಳದ ಜೀವಿಗಳು ಕಲ್ಲಿನ ಗೂಡು ಕಟ್ಟುತ್ತವೆ. ಅದು ಸಾವಿರಾರು ವರ್ಷ ಕಲ್ಲಾಗಿಯೇ ಕೂರುತ್ತದೆ. ಹಾಗಂತ ಹವಳ ಗಾಳಿಯನ್ನು ಶುದ್ಧ ಮಾಡುತ್ತದೆ ಎಂದುಕೊಂಡರೆ ತಪ್ಪು. ಕಟ್ಟುವಾಗಲೇ ಒಂದಿಷ್ಟು ಇಂಗಾಲದ ಅನಿಲವನ್ನು ಹೊರಕ್ಕೂ ಬಿಡುತ್ತದೆ. ಅಕ್ಕನಿಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. "ಅಡುಗೆ ಮಾಡಿದ್ರೆ ಹೊಗೆ ಬರಲ್ವಾ? ಅದಕ್ಕೇ ಒಲೆ ಆರಿಸ್ತೀವಾ?"

ಮೂರು ಬೇಸಿಗೆಯ ಹಿಂದೆ ಕಡಲು ಕಾದು ದಿಬ್ಬದ ಹವಳವೆಲ್ಲ ಬಿಳಿಚಿತು. ಅಂದಿನಿಂದ ಒಳಗಿನ ನೀರಿಗೂ ಹೊರಗಿನ ನೀರಿಗೂ ವ್ಯತ್ಯಾಸವೇ ಇರಲಿಲ್ಲ. ಹವಳ ಕಟ್ಟುತ್ತಿದ್ದರೆ ಒಳಗಿನ ನೀರಿನ ಇಂಗಾಲ ಖರ್ಚಾಗಿ ಕಡಿಮೆ ಬರಬೇಕು, ಅಂದರೆ ಅದು ಕಟ್ಟುವುದನ್ನು ಬಿಟ್ಟಿತ್ತು. ದಿಬ್ಬಕ್ಕೆ ಬಡಿದು ಸುಸ್ತಾಗುತ್ತಿದ್ದ ಅಲೆ ಈಗ ಸವೆದ ದಿಬ್ಬವನ್ನು ದಾಟಿ ಮನೆ ಮೆಟ್ಟಿಲಿಗೇ ಬರುತ್ತದೆ. ದಿಬ್ಬ ಚೇತರಿಸಿಕೊಳ್ಳದಿದ್ದರೆ ದಡದ ಸಾಲುಮನೆಗಳನ್ನು ಖಾಲಿ ಮಾಡಬೇಕೆಂದು ಅಧಿಕಾರಿಗಳು ಹೇಳಿಹೋಗಿದ್ದಾರೆ. ಆ ಸಾಲಿನ ಕೊನೆಯ ಮನೆ ಅಕ್ಕನದೇ.

ಕಳೆದ ತಿಂಗಳು ಮೊದಲ ಬಾರಿಗೆ ಒಳಗಿನ ನೀರಿನಲ್ಲಿ ಇಂಗಾಲ ಕಡಿಮೆ ಬಂತು. ಹವಳ ಕಟ್ಟುತ್ತಿದೆ! ಕೇಂದ್ರದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಸಾಲುಮನೆಯವರೆಲ್ಲ ಓಡಿಬಂದರು. ಅಕ್ಕ ಮಾತ್ರ ಚಹಾ ಲೋಟ ಕೆಳಗಿಟ್ಟರು. ಆ ಶೀಶೆಯಲ್ಲಿ ಒಂದು ಗುಳ್ಳೆ ಇತ್ತು. ಅಲೆ ಜೋರಾಗಿತ್ತು, ಕೈ ಮರಗಟ್ಟಿತ್ತು, ಇರಲಿ ಬಿಡು ಎಂದು ಪೆಟ್ಟಿಗೆಗೆ ಹಾಕಿಬಿಟ್ಟಿದ್ದರು. ಸೀದಾ ಮೇಡಂ ಕೋಣೆಗೆ ಹೋಗಿ ಹೇಳಿದರು. ಫಲಿತಾಂಶ ರದ್ದಾಯಿತು.

ಮನೆಯಲ್ಲಿ ಗಂಡ ಕೆಂಡವಾದರು. "ಸುಮ್ನಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಮನೆಯಾದ್ರೂ ಉಳೀತಿತ್ತು!"

"ಇಲ್ಲದ ಗೋಡೆ ನಂಬ್ಕೊಂಡು ಮೊಮ್ಮಕ್ಕಳನ್ನ ಮಲಗಿಸೋಕಾಗುತ್ತೇನ್ರೀ?"

ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದು ನಿಜ. ಮೂರನೆಯ ದಿನ ಕರೆಯುವ ಮೊದಲೇ ದೋಣಿ ನೀರಿಗಿಳಿಸಿದ್ದರು. ಮತ್ತೆ ಎರಡು ವಾರ ಬೆಳಗ್ಗೆ ಮಧ್ಯಾಹ್ನ ನೀರು ತಂದರು. ಅನುಮಾನ ಬಂದ ಶೀಶೆಗಳನ್ನೆಲ್ಲ ಅಕ್ಕ ಅಲ್ಲೇ ಚೆಲ್ಲಿದರು.

ಉತ್ತರ ಈ ವಾರ ಬಂದಿದೆ. ವ್ಯತ್ಯಾಸ ರದ್ದಾದ ಫಲಿತಾಂಶದಷ್ಟು ದೊಡ್ಡದಲ್ಲ, ಆದರೆ ದಿನದಿನವೂ ಇದೆ. "ದಿಬ್ಬ ಎತ್ತರ ಆಗೋಕೆ ವರ್ಷಗಟ್ಟಲೆ ಬೇಕಕ್ಕಾ, ಆಸೆ ಜಾಸ್ತಿ ಇಟ್ಕೋಬೇಡಿ" ಎನ್ನುವ ಮೇಡಂಗೇ ನಗು ತಡೆಯಲಾಗುತ್ತಿಲ್ಲ. "ಆದ್ರೆ ಕಟ್ಟೋಕೆ ಶುರು ಮಾಡಿದೆ, ಅದಂತೂ ಖಂಡಿತ." ಮನೆ ಖಾಲಿ ಮಾಡಿಸುವ ಮಾತನ್ನು ಅಧಿಕಾರಿಗಳು ಸದ್ಯಕ್ಕೆ ಮುಂದೂಡಿದ್ದಾರೆ. ಅಬ್ಬಾ, ಎಷ್ಟು ದಿನದ ಮೇಲೆ ಆ ಸಾಲಿನಲ್ಲಿ ಜನ ಜೋರಾಗಿ ಮಾತಾಡುತ್ತಿದ್ದಾರೆ!

ಮುಂದೇನು ಆಸೆ ಎಂದು ಕೇಳಿದರೆ ಅಕ್ಕ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಬಾಗಿಲಿಗೆ ಬಣ್ಣ ಹೊಡಿಸ್ಬೇಕು. ಮೂರು ವರ್ಷದಿಂದ ಮನಸ್ಸೇ ಬಂದಿರ್ಲಿಲ್ಲ. ಬಿಟ್ಟು ಹೋಗೋ ಮನೆಗೆ ಯಾರಾದ್ರೂ ಬಣ್ಣ ಹೊಡಿಸ್ತಾರಾ, ಹೇಳಿ?"