ಸ್ಟೆಲ್ಲಾ ಮಿಸ್ಸಿನ ಗೋದಲಿ

ಮಗುವಿನ ಜೊತೆ ಮಾತಾಡಬೇಕಾದರೆ ಸ್ಟೆಲ್ಲಾ ಮಿಸ್ ಮೊದಲು ನೆಲಕ್ಕೆ ಮಂಡಿಯೂರುತ್ತಿದ್ದರು. ನಿವೃತ್ತಿಯ ಅಂಚಿನಲ್ಲಿದ್ದ ಆ ಮಂಡಿಗಳು ಟಕ್ಕೆಂದು ಸದ್ದು ಮಾಡುತ್ತಿದ್ದವು. ಪೆರಂಬೂರಿನ ನಮ್ಮ ಶಾಲೆಯಲ್ಲಿ ಯುಕೆಜಿಯ ಎರಡು ಕೋಣೆಗಳ ನಡುವೆ ಇದ್ದದ್ದು ಪ್ಲೈವುಡ್ ಗೋಡೆ. ಆ ಕಡೆ ಟಕ್ ಅಂದಾಗಲೆಲ್ಲ ಈ ಕಡೆ ಪಾಠ ಮಾಡುತ್ತಿದ್ದ ನನ್ನ ಹೊಟ್ಟೆ ಉರಿಯುತ್ತಿತ್ತು. ಯಾಕೆಂದರೆ ನನ್ನ ಮಗಳು ಶ್ರಾವಣಿ ಇದ್ದದ್ದು ಅವರ ಕ್ಲಾಸಿನಲ್ಲಿ.

ಮನೆಯಲ್ಲಿ ನಾನು ಕನ್ನಡದಲ್ಲಿ ಗದರಿದರೆ ಅವಳು ಊರ ಭಾಷೆ ತಮಿಳಿನಲ್ಲಿ, "ಸ್ಟೆಲ್ಲಾ ಮಿಸ್ ತಿಟ್ಟವೇ ಮಾಟ್ಟಾಂಗ" ಎನ್ನುತ್ತಿದ್ದಳು. ಅವರು ಬೈಯುವುದೇ ಇಲ್ಲವಂತೆ. ಹೆತ್ತವಳು ನಾನು, ಹೊಗಳಿಕೆ ಅವರಿಗೆ!

ಡಿಸೆಂಬರ್ ಬಂತೆಂದರೆ ಅವರು ಮೇವಿನ ತೊಟ್ಟಿಯಂಥ ರಟ್ಟಿನ ಗೋದಲಿಯೊಂದನ್ನು ಖಾಲಿ ಇಡುತ್ತಿದ್ದರು. ಯಾರಿಗಾದರೂ ಒಳ್ಳೆಯದು ಮಾಡಿದ ಮಗು ಅದರಲ್ಲಿ ಒಂದು ಹುಲ್ಲುಕಡ್ಡಿ ಹಾಕಬೇಕು. ಕ್ರಿಸ್‌ಮಸ್ ಹೊತ್ತಿಗೆ ಬಾಲಯೇಸುವಿಗೆ ಮೆತ್ತನೆಯ ಹಾಸಿಗೆ. ನಾನು ಬಿಡುತ್ತೇನೆಯೇ? ನಮ್ಮ ಕ್ಲಾಸಿಗೂ ಒಂದು ಗೋದಲಿ ತಂದೆ. ಸಾಲದೆಂದು, ಯಾರು ಎಷ್ಟು ಕಡ್ಡಿ ಹಾಕಿದರೆಂದು ಗೋಡೆಗೆ ಪಟ್ಟಿ ಬೇರೆ ಅಂಟಿಸಿದೆ. ಎರಡನೇ ದಿನಕ್ಕೇ ನಮ್ಮ ಮಕ್ಕಳು ಒಬ್ಬರನ್ನೊಬ್ಬರು ಬೀಳಿಸಿ, ತಾವೇ ಎತ್ತಿ ನಿಲ್ಲಿಸಿ, ಹುಲ್ಲು ಕೇಳಲು ಬರತೊಡಗಿದರು.

"ಆ ಪಟ್ಟಿ ಕಿತ್ತಾಕಮ್ಮಾ," ಎಂದರು ಸ್ಟೆಲ್ಲಾ ಮಿಸ್. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದವರು, ನನ್ನೊಡನೆ ಕನ್ನಡದಲ್ಲೇ ಮಾತು. "ಒಳ್ಳೇದು ಮಾಡಿದ್ದು ಮಾಡ್ದೋರ್ಗೇ ಮರ್ತೋಗ್ಬೇಕು."

ಕಿತ್ತೆ. ಹುಲ್ಲು ಬೀಳುವುದೂ ನಿಂತಿತು. ರಜೆಯ ಹಿಂದಿನ ದಿನ ತಂದೆತಾಯಿಗಳು ನೋಡಲು ಬರುವವರಿದ್ದರು. ಸ್ಟೆಲ್ಲಾ ಮಿಸ್ಸಿನ ಗೋದಲಿ ತುಂಬಿ ತುಳುಕುತ್ತಿತ್ತು, ನಮ್ಮದರಲ್ಲಿ ರಟ್ಟು ಕಾಣುತ್ತಿತ್ತು. ಊಟದ ಬಿಡುವಿನಲ್ಲಿ ಅವರ ಕೋಣೆಗೆ ನುಗ್ಗಿ ಎರಡು ಹಿಡಿ ಹುಲ್ಲು ಬಾಚಿ ಸೆರಗಿನಲ್ಲಿ ಮುಚ್ಚಿಕೊಂಡೆ. ತಿರುಗಿದರೆ ಬಾಗಿಲಲ್ಲಿ ಶ್ರಾವಣಿ. ಅವಳ ಹಿಂದೆ ಸ್ಟೆಲ್ಲಾ ಮಿಸ್.

ಮಗಳ ಕಣ್ಣಲ್ಲಿ ನಾನು ಕಳ್ಳಿಯಾದೆ. ಟಕ್ಕೆಂದು ಮಂಡಿಯ ಸದ್ದು ಕೇಳಿಸಿತು.

"ನಾನೇ ತಗೊಳ್ಳಿ ಅಂದಿದ್ದೆ ಕಂದಾ. ಆ ಕಡೆ ಪಾಪೂಗೂ ಹಾಸ್ಗೆ ಬೇಡ್ವಾ?" ಎಂದ ಸ್ಟೆಲ್ಲಾ ಮಿಸ್, ಆಮೇಲೆ ಅವಳ ಕಿವಿಯಲ್ಲಿ ಇನ್ನೇನೋ ಪಿಸುಗುಟ್ಟಿದರು.

ನಾನು ಹುಲ್ಲಿನೊಡನೆ ಹೊರಟೆ. ಕೃತಜ್ಞತೆ ಹುಟ್ಟಬೇಕಿತ್ತು, ಹುಟ್ಟಿದ್ದು ಇನ್ನಷ್ಟು ಹೊಟ್ಟೆಕಿಚ್ಚು. ಸುಳ್ಳನ್ನೂ ಈ ಹೆಂಗಸು ನನಗಿಂತ ಚೆನ್ನಾಗಿ ಹೇಳುತ್ತಾರಲ್ಲ! ಒಂದು ಥ್ಯಾಂಕ್ಸ್ ಕೂಡ ಹೇಳಲಿಲ್ಲ.

ಮುಂದಿನ ವರ್ಷ ಅವರು ನಿವೃತ್ತರಾಗಿ ನಾಗರಕೋಯಿಲಿನ ತಂಗಿಯ ಮನೆಗೆ ಹೋದರು. ಹೋದ ತಿಂಗಳು ತೀರಿಕೊಂಡರಂತೆ. ಸುದ್ದಿ ಕೇಳಿದ ದಿನ, ಈಗ ಏಳನೇ ಕ್ಲಾಸಿನಲ್ಲಿರುವ ಶ್ರಾವಣಿಯನ್ನು ಕೂರಿಸಿಕೊಂಡು ಹೇಳಿಯೇಬಿಟ್ಟೆ: "ಅವತ್ತು ಹುಲ್ಲು ತಗೊಂಡೆನಲ್ಲ, ಮಿಸ್ ಕೊಟ್ಟಿದ್ದಲ್ಲ ಕಣೇ. ಕದ್ದಿದ್ದು."

"ತೆರಿಯುಂ ಮಾ," ಎಂದಳು. ಗೊತ್ತಂತೆ!

"ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಸುಮ್ನಿದ್ದೆ?"

ಅವಳು ಅಪರೂಪಕ್ಕೆ ಕನ್ನಡದಲ್ಲಿ ಹೇಳಿದಳು: "ಯಾರಿಗೂ ಹೇಳ್ಬೇಡ, ಅಮ್ಮನ್ನೂ ಕೇಳ್ಬೇಡ, ಪಾಪ ಅಂದ್ರು ಮಿಸ್. ಅದಕ್ಕೇಂತ ನನ್ ಕೈಲಿ ಒಂದು ಹುಲ್ಲು ಹಾಕ್ಸಿದ್ರು."